ಮುರಿದ ದವಡೆಹಲ್ಲಿಗೆ ರಾಳದ ಆಸರೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಈ ಗಾದೆಯನ್ನು ಕಟ್ಟಿದವರು ಹಲ್ಲು ಬೀಳುವುದನ್ನು ಮುಪ್ಪಿನ ಲಕ್ಷಣವೆಂದು ಎಣಿಸಿದ್ದಿರಬೇಕು. ಆದರೆ ಹಲ್ಲಿನ ಹಾನಿಯು ಮುಪ್ಪನ್ನು ಕಾಯುವುದಿಲ್ಲ. ಪ್ರೌಢಶಾಲೆಯ ಯಾವುದಾದರೊಂದು ತರಗತಿಯಲ್ಲಿ ಮಕ್ಕಳು ಬಾಯಿ ತೆರೆದು ತೋರಿಸುವಂತಾದರೆ, ದವಡೆಹಲ್ಲು ಹುಳುಕಾದವರೂ, ಅದು ಅರ್ಧ ಮುರಿದು ಬೊಕ್ಕೆಯಾದವರೂ, ಅದನ್ನು ಆಗಲೇ ಕೀಳಿಸಿಕೊಂಡವರೂ ಕಾಣಸಿಗುತ್ತಾರೆ. ಇವರ ಪಾಲಿಗೆ ಕಡಲೆಯೂ ಇದೆ, ವಯಸ್ಸೂ ಇದೆ. ಹಲ್ಲು ಮಾತ್ರ ಇಲ್ಲ.

ಹೀಗೆ ಕೆಡುವ ಹಲ್ಲುಗಳಲ್ಲಿ ಮೊದಲನೆಯ ದವಡೆಹಲ್ಲಿಗೆ ವಿಶೇಷವಾದ ದುರದೃಷ್ಟವಿದೆ. ಅದು ಮಗುವಿನ ಆರನೆಯ ವರ್ಷದ ಸುಮಾರಿಗೆ, ಹಾಲುಹಲ್ಲುಗಳ ಹಿಂದೆ, ಯಾವ ಹಾಲುಹಲ್ಲನ್ನೂ ಬೀಳಿಸದೆ ಸದ್ದಿಲ್ಲದೆ ಮೂಡಿ ಬರುತ್ತದೆ. ತಾಯಿತಂದೆಯರು ಅದನ್ನೂ ಹಾಲುಹಲ್ಲೆಂದೇ ಬಗೆದು, 'ಹೇಗಿದ್ದರೂ ಬಿದ್ದು ಹೊಸದು ಬರುತ್ತದೆ' ಎಂದು ಉಪೇಕ್ಷಿಸುತ್ತಾರೆ. ಅದು ಬಿದ್ದರೆ ಮತ್ತೊಂದು ಬರುವುದಿಲ್ಲ. ಇಡೀ ಬಾಳಿನುದ್ದಕ್ಕೂ ಅನ್ನವನ್ನು ಅರೆಯಬೇಕಾದ ಹಲ್ಲು ಅದೇ.

ಅರ್ಧಕ್ಕೂ ಹೆಚ್ಚು ಹಾಳಾದ ಇಂತಹ ಹಲ್ಲನ್ನು ಏನು ಮಾಡತಕ್ಕದ್ದು? ಕೀಳಿಸಿಬಿಡುವುದು ಒಂದು ದಾರಿ. ಅಳಿದುಳಿದ ಭಾಗವನ್ನು ಸುತ್ತಲೂ ಅರೆದು ಲೋಹದ ಅಥವಾ ಪಿಂಗಾಣಿಯ ಕ್ಯಾಪ್ ತೊಡಿಸುವುದು ಇನ್ನೊಂದು. ಮೂರನೆಯದು, ಕಾಂಪೋಸಿಟ್ ಎಂದು ಹೆಸರಾದ ಸಂಯುಕ್ತ ರಾಳದಿಂದ ಹೋದ ಭಾಗವನ್ನು ಬಾಯಲ್ಲಿಯೇ ಮತ್ತೆ ಕಟ್ಟುವುದು. ಈ ಮೂರನೆಯ ದಾರಿಯ ಬಗೆಗೆ ಎರಡು ಅತಿರೇಕದ ಮಾತುಗಳು ಕೇಳಿಬರುತ್ತವೆ. ರಾಳವು ಮುಂದಿನ ಹಲ್ಲುಗಳ ಅಂದಕ್ಕೆ ಮಾತ್ರ ತಕ್ಕದ್ದು, ದವಡೆಯ ಭಾರವನ್ನು ಅದು ಹೊರಲಾರದು ಎಂಬುದು ಒಂದು. ಹಲ್ಲಿನ ಬಣ್ಣದ ಈ ವಸ್ತುವಿಗೆ ಸಮನಾದುದೇ ಇಲ್ಲ, ಎಲ್ಲಕ್ಕೂ ಅದೇ ಮದ್ದು ಎಂಬುದು ಮತ್ತೊಂದು. ಎರಡೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ತಕ್ಕ ಹಲ್ಲಿನಲ್ಲಿ, ತಕ್ಕ ಸಾವಧಾನದಿಂದ ಮಾಡಿದ ರಾಳದ ಕೆಲಸವು ಎಷ್ಟೋ ತರುಣರ ದವಡೆಹಲ್ಲನ್ನು ಇಕ್ಕುಳದಿಂದ ಉಳಿಸಬಲ್ಲದು. ಆದರೆ ಆ ಸಾವಧಾನಕ್ಕೆ ಬೇಕಾದ ಅನುಕೂಲವನ್ನು ಒದಗಿಸದೆ ರಾಳವನ್ನು ಮಾತ್ರ ಹೊಗಳುವ ಸಮಾಜವು ಬಡವರ ಹಲ್ಲನ್ನು ಉಳಿಸಲಾರದು. ಈ ಮಾತನ್ನು ಸಮರ್ಥಿಸಲು ಹಲ್ಲಿನ ರಚನೆಯಿಂದಲೇ ಆರಂಭಿಸೋಣ.

ಹಲ್ಲೆಂಬ ಕಟ್ಟಡ

ಹಲ್ಲಿನ ಹೊರಗವಚವಾದ ಎನಾಮೆಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಡುಸಾದ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು ೯೬ ಪಾಲು ಅದು ಖನಿಜವೇ; ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಹೈಡ್ರಾಕ್ಸಿ ಆಪಟೈಟ್ ಎಂಬ ಹರಳುಗಳ ಒತ್ತಾದ ಜೋಡಣೆ. ಅದರ ಒಳಗೆ ಡೆಂಟಿನ್ ಎಂಬ ಪದರವಿದೆ. ಇದರಲ್ಲಿ ಖನಿಜ ಸುಮಾರು ೭೦ ಪಾಲು ಮಾತ್ರ; ಉಳಿದುದು ಕೊಲಾಜನ್ ಎಂಬ ನಾರು ಮತ್ತು ನೀರು. ಆದುದರಿಂದ ಎನಾಮೆಲ್ ಗಡುಸಾದರೂ ಪೆಡಸು, ಡೆಂಟಿನ್ ಮೆದುವಾದರೂ ಬಾಗಿ ತಾಳಿಕೊಳ್ಳಬಲ್ಲದು. ಡೆಂಟಿನ್ನಿನ ಒಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು ಇದೆ. ಡೆಂಟಿನ್ನಿನ ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲಿ ಹತ್ತಾರು ಸಾವಿರ ಸೂಕ್ಷ್ಮ ನಳಿಕೆಗಳು ತಿರುಳಿನ ಕಡೆಯಿಂದ ಹೊರಮುಖವಾಗಿ ಹಾಯುತ್ತವೆ. ತಣ್ಣೀರು ಸೋಕಿದೊಡನೆ ಹುಳುಕುಹಲ್ಲು ಜುಮ್ಮೆನ್ನುವುದು ಈ ನಳಿಕೆಗಳ ಮೂಲಕವೇ.

ಎನಾಮೆಲನ್ನು ಕಟ್ಟಿದ ಜೀವಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕತ್ತರಿಸಿದ ಉಗುರು ಬೆಳೆಯುತ್ತದೆ. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಪ್ರಕೃತಿಯು ಕೈಬಿಟ್ಟ ಈ ದುರಸ್ತಿಯನ್ನು ಮನುಷ್ಯನೇ ಮಾಡಿಕೊಳ್ಳಬೇಕಾಗಿದೆ.

ನಮ್ಮ ನಾಡಿನಲ್ಲಿ ಹಲ್ಲಿನ ಹಾಳನ್ನು 'ಹುಳುಕು' ಎನ್ನುತ್ತೇವೆ. ಹುಳ ತಿಂದಿತೆಂಬ ನಂಬಿಕೆ ಆ ಮಾತಿನಲ್ಲಿಯೇ ಅಡಗಿದೆ. ಹಲ್ಲನ್ನು ತಿನ್ನುವ ಹುಳ ಯಾವುದೂ ಇಲ್ಲ. ೧೮೯೦ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ಎಂಬ ವಿಜ್ಞಾನಿಯು ಬಾಯಿಯ ಸೂಕ್ಷ್ಮಜೀವಿಗಳ ಬಗೆಗೆ ಪ್ರಕಟಿಸಿದ ಗ್ರಂಥದಲ್ಲಿ, ಅವು ಸಕ್ಕರೆ ಮತ್ತು ಪಿಷ್ಟಗಳನ್ನು ಹುದುಗಿಸಿ ಆಮ್ಲವನ್ನು ಹುಟ್ಟಿಸುತ್ತವೆಂದೂ, ಆ ಆಮ್ಲವು ಖನಿಜವನ್ನು ಕರಗಿಸುತ್ತದೆಂದೂ ವಿವರಿಸಿದನು. ಹಲ್ಲಿನ ಮೇಲಿನ ಲೋಳೆಪೊರೆಯ ಪಿ.ಎಚ್. ಅಂಕವು ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಪ್ರತಿಸಲ ಸಿಹಿ ತಿಂದಾಗಲೂ ಈ ಕರಗುವಿಕೆ ಸ್ವಲ್ಪ ಹೊತ್ತು ನಡೆಯುತ್ತದೆ. ಜೊಲ್ಲು ಮತ್ತೆ ಖನಿಜವನ್ನು ತುಂಬಿ ಸರಿಪಡಿಸಲು ಯತ್ನಿಸುತ್ತದೆ. ಕರಗುವುದು ಹೆಚ್ಚಾಗಿ ತುಂಬುವುದು ಕಡಮೆಯಾದಾಗ ಹಲ್ಲಿನಲ್ಲಿ ಗುಳಿ ಬೀಳುತ್ತದೆ.

ಈ ಗುಳಿಯ ಗಾತ್ರಕ್ಕಿಂತಲೂ ಅದು ಎಲ್ಲಿದೆ ಎಂಬುದು ಮುಖ್ಯ. ಬಿದಿರಿನ ಬುಟ್ಟಿಯ ತಳದಲ್ಲಿ ಎರಡು ಸೀಳು ಮುರಿದರೂ ಬುಟ್ಟಿ ಬುಟ್ಟಿಯಾಗಿಯೇ ಇರುತ್ತದೆ. ಬಾಯಿಯ ಸುತ್ತಣ ಕಟ್ಟು ಹರಿದರೆ ಗೋಡೆಗಳು ಅಗಲಿ ಬುಟ್ಟಿ ಬಿಚ್ಚಿಕೊಳ್ಳುತ್ತದೆ. ದವಡೆಹಲ್ಲಿನ ಮೇಲ್ಮೈಯ ಹಿಂದೆ ಮುಂದೆ ಎರಡು ದಿಣ್ಣೆಯಂತಹ ಅಂಚುಗಳಿವೆ. ಕೆನ್ನೆಯ ಕಡೆಯ ಮತ್ತು ನಾಲಗೆಯ ಕಡೆಯ ಶಿಖರಗಳನ್ನು ಹಿಡಿದಿಟ್ಟಿರುವ ಬಾಯಿಕಟ್ಟು ಅದೇ. ೧೯೮೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೀ, ಮೆಸ್ಸರ್ ಮತ್ತು ಡಗ್ಲಸ್ ಎಂಬವರು, ಕಿತ್ತ ಹಲ್ಲುಗಳ ಬಿಗುವನ್ನು ಹಂತಹಂತವಾಗಿ ಅಳೆದರು. ಬೇರುನಾಳದ ಚಿಕಿತ್ಸೆಗಾಗಿ ಕೊರೆದ ರಂಧ್ರದಿಂದ ಬಿಗುವು ನೂರಕ್ಕೆ ೫ರಷ್ಟು ಮಾತ್ರ ಕುಗ್ಗಿತು. ಮೇಲ್ಮೈಯಲ್ಲಿ ಮಾತ್ರ ತೋಡಿದ ಗುಳಿಯಿಂದ ೨೦ರಷ್ಟು ಕುಗ್ಗಿತು. ಹಿಂದಿನ ಮುಂದಿನ ಅಂಚುಗಳೆರಡನ್ನೂ ಕಡಿದು ಆರುಪಾರು ತೋಡಿದಾಗ ೬೩ರಷ್ಟು ಕುಗ್ಗಿತು. 'ಬೇರಿನ ಚಿಕಿತ್ಸೆ ಮಾಡಿಸಿದ ಹಲ್ಲು ಒಣಗಿ ಮುರಿಯುತ್ತದೆ' ಎಂಬ ಜನಜನಿತವಾದ ಮಾತಿಗಿಂತ, 'ಅಂಚು ಕಳೆದುಕೊಂಡ ಹಲ್ಲು ಮುರಿಯುತ್ತದೆ' ಎನ್ನುವುದು ಹೆಚ್ಚು ಸರಿಯೆಂದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಹಾಳಾದ ದವಡೆಹಲ್ಲನ್ನು ದುರಸ್ತಿ ಮಾಡುವ ವಸ್ತುವು ಗುಳಿಯನ್ನು ತುಂಬಿದರೆ ಸಾಲದು. ಅಗಲಿದ ಗೋಡೆಗಳನ್ನು ಒಂದಕ್ಕೊಂದು ಕಟ್ಟಬೇಕು.

ಬೆಳ್ಳಿಯ ತುಂಬುಗೆ

ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ದವಡೆಹಲ್ಲಿನ ಗುಳಿಗೆ ತುಂಬುತ್ತಿದ್ದುದು ಅಮಾಲ್ಗಂ ಎಂಬ ಮಿಶ್ರಲೋಹ. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದಲ್ಲಿ ಕಲಸಿದರೆ ಬೆಣ್ಣೆಯಂತಹ ಮುದ್ದೆಯಾಗಿ, ಕೆಲವು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ೧೮೪೦ರ ದಶಕದಲ್ಲಿ ಅಮೆರಿಕದ ದಂತವೈದ್ಯರಲ್ಲಿ ಇದರ ಪರವಾಗಿಯೂ ವಿರೋಧವಾಗಿಯೂ ಎಂತಹ ಜಗಳವೆದ್ದಿತೆಂದರೆ ಅದಕ್ಕೆ 'ಅಮಾಲ್ಗಂ ಯುದ್ಧ'ವೆಂದೇ ಹೆಸರಾಯಿತು. ೧೮೯೦ರ ದಶಕದಲ್ಲಿ ಜಿ. ವಿ. ಬ್ಲ್ಯಾಕ್ ಎಂಬವನು ಅದರ ಪಾಕವನ್ನೂ ಗುಳಿ ತೋಡುವ ಕ್ರಮವನ್ನೂ ವೈಜ್ಞಾನಿಕವಾಗಿ ಗೊತ್ತುಪಡಿಸಿದ ಮೇಲೆ ಅದು ಸರ್ವತ್ರ ಬಳಕೆಗೆ ಬಂದಿತು.

ಈ ಲೋಹದ ಗುಣಗಳನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಅದು ಅಗ್ಗ, ಬಾಯಿಯ ತೇವವನ್ನು ಬಹುಮಟ್ಟಿಗೆ ಸಹಿಸುತ್ತದೆ, ಕೈಯ ಕುಶಲತೆಯಲ್ಲಿ ಸ್ವಲ್ಪ ಕೊರತೆಯಿದ್ದರೂ ಕ್ಷಮಿಸುತ್ತದೆ. ಆದರೆ ಅದು ಹಲ್ಲಿಗೆ ಅಂಟುವುದಿಲ್ಲ. ಬೀಳದಂತೆ ನಿಲ್ಲಲು ಬಾಯಿ ಕಿರಿದು ತಳ ಅಗಲವಾದ ಗುಳಿ ಬೇಕು. ಅದಕ್ಕಾಗಿ ಒಳ್ಳೆಯ ಹಲ್ಲನ್ನೂ ಕಡಿಯಬೇಕು. ಮೇಲಾಗಿ, ಅದು ಎರಡು ಗೋಡೆಗಳ ನಡುವೆ ಹೊಡೆದ ಬೆಣೆಯಂತೆ ಕುಳಿತಿರುತ್ತದೆಯೇ ಹೊರತು ಗೋಡೆಗಳನ್ನು ಕಟ್ಟುವುದಿಲ್ಲ. ವರ್ಷಗಳು ಕಳೆದ ಮೇಲೆ ತುಂಬುಗೆ ಭದ್ರವಾಗಿಯೇ ಇದ್ದು, ಪಕ್ಕದ ಶಿಖರವು ಸೀಳಿ ಬೀಳುವುದುಂಟು.

ಪಾದರಸದ ಭಯವನ್ನು ಕುರಿತು ಒಂದು ಮಾತು. ಅಮಾಲ್ಗಂ ತುಂಬಿಸಿಕೊಂಡ ಮಕ್ಕಳ ಬುದ್ಧಿಶಕ್ತಿಗೆ ಕುಂದುಂಟಾಗುವುದೇ ಎಂದು ಪರೀಕ್ಷಿಸಲು ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿಯೂ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿಯೂ ನಡೆದ ಎರಡು ದೀರ್ಘ ಪ್ರಯೋಗಗಳ ಫಲಿತಾಂಶಗಳು ೨೦೦೬ರಲ್ಲಿ ಪ್ರಕಟವಾದುವು. ಗಣನೀಯವಾದ ವ್ಯತ್ಯಾಸ ಎರಡರಲ್ಲಿಯೂ ಕಾಣಲಿಲ್ಲ. ಆದುದರಿಂದ ಬಾಯಲ್ಲಿ ಸರಿಯಾಗಿ ಕುಳಿತಿರುವ ಹಳೆಯ ತುಂಬುಗೆಯನ್ನು ಹೆದರಿ ಕೀಳಿಸಿಕೊಳ್ಳಬೇಕಾಗಿಲ್ಲ. ಆದರೆ ಚಿಕಿತ್ಸಾಲಯದ ಚರಂಡಿಯಿಂದಲೂ ಚಿತಾಗಾರದ ಹೊಗೆಯಿಂದಲೂ ಹೊರಬೀಳುವ ಪಾದರಸವು ನೀರನ್ನು ಸೇರಿ ಮೀನಿನ ಮೂಲಕ ಮನುಷ್ಯನಿಗೇ ಮರಳಬಹುದು. ಜಪಾನಿನ ಮಿನಾಮಾಟಾ ಕೊಲ್ಲಿಯಲ್ಲಿ ಕಾರ್ಖಾನೆಯ ಪಾದರಸದಿಂದ ಉಂಟಾಗಿ ೧೯೫೬ರಲ್ಲಿ ಬೆಳಕಿಗೆ ಬಂದ ದಾರುಣ ವ್ಯಾಧಿಯನ್ನು ಜಗತ್ತು ಮರೆತಿಲ್ಲ. ಆ ಊರಿನ ಹೆಸರನ್ನೇ ಹೊತ್ತ ಒಪ್ಪಂದವು ೨೦೧೩ರಲ್ಲಿ ಅಂಗೀಕೃತವಾಗಿ ೨೦೧೭ರಲ್ಲಿ ಜಾರಿಗೆ ಬಂದಿತು. ಭಾರತವು ೨೦೧೮ರಲ್ಲಿ ಅದನ್ನು ಸ್ಥಿರೀಕರಿಸಿತು. ಐರೋಪ್ಯ ಒಕ್ಕೂಟವು ೨೦೨೫ರ ಜನವರಿಯಿಂದ ಹಲ್ಲಿನ ಅಮಾಲ್ಗಮ್ಮನ್ನು, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭಗಳನ್ನುಳಿದು, ನಿಷೇಧಿಸಿದೆ. ೨೦೨೫ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ಒಪ್ಪಂದದ ಸದಸ್ಯರಾಷ್ಟ್ರಗಳು ೨೦೩೪ರೊಳಗೆ ಅದರ ಬಳಕೆಯನ್ನು ಕೊನೆಗಾಣಿಸಲು ಒಪ್ಪಿದುವು. ರಾಳದ ಪ್ರಶ್ನೆ ಇಂದು ಕೇವಲ ಅಂದದ ಪ್ರಶ್ನೆಯಾಗಿ ಉಳಿದಿಲ್ಲವೆಂಬುದನ್ನು ವಾಚಕರು ಇದರಿಂದ ಗ್ರಹಿಸಬಹುದು.

ರಾಳವು ಹಲ್ಲನ್ನು ಕಚ್ಚುವ ಬಗೆ

ಹಳೆಯ ಗೋಡೆಗೆ ಹೊಸ ಗಾರೆ ಬಳಿಯುವ ಮೊದಲು ಗಾರೆಕೆಲಸದವನು ಉಳಿಯಿಂದ ಗೋಡೆಗೆ ಕಚ್ಚು ಹೊಡೆಯುತ್ತಾನೆ. ನುಣುಪಾದ ಗೋಡೆಗೆ ಗಾರೆ ಹಿಡಿಯದು. ಕಚ್ಚುಗಳೊಳಗೆ ಇಳಿದು ಗಟ್ಟಿಯಾದ ಗಾರೆಯನ್ನು ಕೀಳಲಾಗದು. ೧೯೫೫ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಮೈಕೆಲ್ ಬುನೊಕೋರ್ ಹಲ್ಲಿಗೆ ಮಾಡಿದುದು ಇದನ್ನೇ. ಲೋಹದ ತಗಡಿಗೆ ಬಣ್ಣ ಬಳಿಯುವ ಮುನ್ನ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲವನ್ನು ಸವರುತ್ತಿದ್ದುದು ಅವನಿಗೆ ತಿಳಿದಿತ್ತು. ಅದೇ ಆಮ್ಲವನ್ನು ಎನಾಮೆಲಿನ ಮೇಲೆ ೩೦ ಸೆಕೆಂಡು ಇಟ್ಟು ತೊಳೆದು ಒಣಗಿಸಿ, ಅಕ್ರಿಲಿಕ್ ರಾಳದ ಹನಿಯನ್ನು ಅಂಟಿಸಿದನು. ಆಮ್ಲ ತಾಕದ ಹಲ್ಲಿನ ಮೇಲೆ ಗಂಟೆಗಳ ಲೆಕ್ಕದಲ್ಲಿ ಉದುರುತ್ತಿದ್ದ ಹನಿಯು, ಆಮ್ಲ ತಾಕಿದ ಹಲ್ಲಿನ ಮೇಲೆ ವಾರಗಟ್ಟಲೆ ನಿಂತಿತು. ಆಮ್ಲವು ಹರಳುಗಳ ತುದಿಗಳನ್ನು ಕರಗಿಸಿ ಜೇನುಗೂಡಿನಂತಹ ಸೂಕ್ಷ್ಮ ಗುಳಿಗಳನ್ನು ಮಾಡುತ್ತದೆ. ರಾಳವು ಅವುಗಳೊಳಗೆ ಹರಿದು ಗಟ್ಟಿಯಾಗಿ ಬೇರೂರುತ್ತದೆ. ಹುಳುಕನ್ನುಂಟುಮಾಡುವುದೂ ಆಮ್ಲವೇ, ಅದನ್ನು ದುರಸ್ತಿ ಮಾಡಲು ದಾರಿ ತೆರೆದುದೂ ಆಮ್ಲವೇ!

ಅಂಟಿಸುವ ಉಪಾಯವು ದೊರೆತರೂ ಭಾರ ಹೊರುವ ವಸ್ತು ಬೇಕಾಗಿತ್ತು. ಬರಿಯ ಸುಣ್ಣದ ಗಾರೆ ಒಣಗುತ್ತ ಕುಗ್ಗಿ ಬಿರಿಯುತ್ತದೆ. ಮರಳು ಬೆರೆತರೆ ಕುಗ್ಗುವುದು ಕಡಮೆಯಾಗಿ ಬಲ ಹೆಚ್ಚುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಾಫೆಲ್ ಬೋವೆನ್ ಇದೇ ತತ್ತ್ವವನ್ನು ಅನುಸರಿಸಿ, ಬಿಸ್-ಜಿಎಂಎ ಎಂಬ ದೊಡ್ಡ ಅಣುವಿನ ರಾಳವನ್ನು ರಚಿಸಿ, ಅದಕ್ಕೆ ಸಿಲಿಕದ ಪುಡಿಯನ್ನು ಬೆರೆಸಿದನು. ಕಲ್ಲು ಮತ್ತು ರಾಳಗಳೆರಡಕ್ಕೂ ಕೈಕೊಡುವ ಸಿಲೇನ್ ಎಂಬ ದ್ರವ್ಯವನ್ನು ಪುಡಿಯ ಕಣಗಳಿಗೆ ಲೇಪಿಸಿ, ಎರಡನ್ನೂ ಬೆಸೆದನು. ೧೯೬೨ರಲ್ಲಿ ಅವನಿಗೆ ಇದರ ಪೇಟೆಂಟ್ ದೊರೆಯಿತು. ಕಾಂಪೋಸಿಟ್ ಎಂಬ ಹೆಸರಿನ ಅರ್ಥ ಇಷ್ಟೇ: ಎರಡು ವಸ್ತುಗಳು ಕೂಡಿ, ಒಂದರ ಕೊರತೆಯನ್ನು ಇನ್ನೊಂದು ತುಂಬುವುದು. ಇಂದು ದವಡೆಗೆ ಬಳಸುವ ಸಂಯುಕ್ತ ರಾಳಗಳಲ್ಲಿ ತೂಕದ ಮುಕ್ಕಾಲು ಪಾಲಿನಷ್ಟು ಗಾಜು ಅಥವಾ ಸಿಲಿಕದ ಪುಡಿಯೇ ಇರುತ್ತದೆ.

ಮುದ್ದೆಯಾಗಿರುವ ರಾಳವನ್ನು ಬೇಕಾದ ಗಳಿಗೆಯಲ್ಲಿ ಗಟ್ಟಿಯಾಗಿಸುವುದು ಬೆಳಕಿನ ಕೆಲಸ. ರಾಳದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕ್ಯಾಂಫರ್ ಕ್ವಿನೋನ್ ಎಂಬ ಹಳದಿ ದ್ರವ್ಯವು ಸುಮಾರು ೪೭೦ ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕನ್ನು ಹೀರಿ ಚುರುಕಾಗುತ್ತದೆ. ಆಗ ಸಣ್ಣ ಅಣುಗಳು ಸರಪಳಿಯಂತೆ ಕೊಂಡಿ ಹಾಕಿಕೊಂಡು ಪಾಲಿಮರ್ ಆಗುತ್ತವೆ. ವೈದ್ಯರು ಹಲ್ಲಿನ ಮೇಲೆ ಹಿಡಿಯುವ ನೀಲಿ ದೀಪ ಇದೇ. ಇಂದು ಆ ದೀಪದೊಳಗೆ ಇರುವುದು ನೀಲಿ ಎಲ್ಇಡಿ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ ೨೦೧೪ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂದುದನ್ನು ವಿದ್ಯಾರ್ಥಿಗಳು ಬಲ್ಲರು.

ರಾಳದ ದೋಷಗಳು

ಹೊಗಳಿಕೆ ಇಲ್ಲಿಗೆ ಸಾಕು. ರಾಳದ ಮೊದಲನೆಯ ದೋಷ ಅದರ ಹುಟ್ಟಿನಲ್ಲಿಯೇ ಇದೆ. ಬಿಡಿ ಅಣುಗಳು ಕೊಂಡಿ ಹಾಕಿಕೊಂಡಾಗ ಹತ್ತಿರ ಹತ್ತಿರ ಸರಿಯುತ್ತವೆ. ಅದರಿಂದ ರಾಳದ ಗಾತ್ರವು ನೂರಕ್ಕೆ ಎರಡು ಮೂರು ಪಾಲಿನಷ್ಟು ಕುಗ್ಗುತ್ತದೆ. ಗೋಡೆಗಳಿಗೆ ಅಂಟಿಕೊಂಡೇ ಕುಗ್ಗುವುದರಿಂದ, ಒಂದೋ ಅಂಟು ಬಿಡುತ್ತದೆ, ಇಲ್ಲವೆ ಗೋಡೆಯೇ ಒಳಕ್ಕೆ ಎಳೆಯಲ್ಪಡುತ್ತದೆ. ಆದುದರಿಂದಲೇ ಸಾಮಾನ್ಯ ರಾಳವನ್ನು ಸುಮಾರು ೨ ಮಿಲಿಮೀಟರಿಗಿಂತ ದಪ್ಪವಾಗದಂತೆ ಪದರಪದರವಾಗಿ ಇಟ್ಟು, ಪ್ರತಿಯೊಂದು ಪದರವನ್ನೂ ಬೆಳಕಿನಿಂದ ಗಟ್ಟಿಮಾಡುತ್ತಾರೆ. ಒಮ್ಮೆಗೇ ೪ ಮಿಲಿಮೀಟರ್ ತುಂಬಬಹುದಾದ ರಾಳಗಳೂ ಈಗ ಬಂದಿವೆ.

ಎರಡನೆಯದು ತೇವದ ವೈರ. ಆಮ್ಲ ಸವರಿದ ಎನಾಮೆಲಿನ ಮೇಲೆ ಒಂದು ಹನಿ ಜೊಲ್ಲು ಅಥವಾ ರಕ್ತ ಬಿದ್ದರೆ ಗುಳಿಗಳು ಮುಚ್ಚಿಹೋಗುತ್ತವೆ. ಮತ್ತೆ ಮೊದಲಿನಿಂದ ಆರಂಭಿಸಬೇಕು. ೧೮೬೪ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫೋರ್ಡ್ ಬಾರ್ನಂ ಎಂಬ ದಂತವೈದ್ಯನು ರಬ್ಬರಿನ ಹಾಳೆಯೊಂದರಲ್ಲಿ ತೂತು ಮಾಡಿ ಹಲ್ಲನ್ನು ಮಾತ್ರ ಹೊರಗೆ ತೂರಿಸುವ ಸರಳ ಉಪಾಯವನ್ನು ಕಂಡುಹಿಡಿದನು. ಇಂದಿಗೂ ಬಾಯಿಯ ತೇವವನ್ನು ದೂರವಿಡಲು ಅದಕ್ಕಿಂತ ಒಳ್ಳೆಯದು ವಿರಳ.

ಮೂರನೆಯದು ಡೆಂಟಿನ್ನಿನ ಸಮಸ್ಯೆ. ಎನಾಮೆಲಿಗೆ ಹಿಡಿದಷ್ಟು ಭದ್ರವಾಗಿ ರಾಳವು ನಾರು ನೀರುಗಳಿರುವ ಡೆಂಟಿನ್ನಿಗೆ ಹಿಡಿಯದು. ಜಪಾನಿನ ನಾಕಾಬಯಾಶಿಯವರು ೧೯೮೨ರಲ್ಲಿ, ರಾಳವು ಕೊಲಾಜನ್ ನಾರುಗಳ ನಡುವೆ ಹೊಕ್ಕು ಒಂದು ಮಿಶ್ರಪದರವನ್ನು ಕಟ್ಟುತ್ತದೆಂದು ತೋರಿಸಿದ ಮೇಲೆ ಈ ವಿದ್ಯೆ ಬಹಳ ಮುಂದುವರಿಯಿತು. ಆದರೂ ನೀರೂ ಹಲ್ಲಿನಲ್ಲಿಯೇ ಇರುವ ಕಿಣ್ವಗಳೂ ಆ ಪದರವನ್ನು ವರ್ಷಗಳ ಮೇಲೆ ಸವೆಸುತ್ತವೆ. ಸುತ್ತಲೂ ಎನಾಮೆಲಿನ ಅಂಚು ಉಳಿದಿರುವ ಹಲ್ಲಿಗೂ, ಒಸಡಿನ ಕೆಳಗೆ ಡೆಂಟಿನ್ನಿನವರೆಗೆ ಮುರಿದ ಹಲ್ಲಿಗೂ ಇರುವ ಮುಖ್ಯ ಅಂತರ ಇದು.

ಈ ದೋಷಗಳ ಫಲವು ಅಂಕಿಗಳಲ್ಲಿ ಕಾಣುತ್ತದೆ. ಲಿಸ್ಬನ್ ಪ್ರಯೋಗದಲ್ಲಿ ೮ರಿಂದ ೧೨ ವರ್ಷದ ಮಕ್ಕಳ ಹಿಂಬದಿಯ ಹಲ್ಲುಗಳಿಗೆ ಮಾಡಿದ ತುಂಬುಗೆಗಳನ್ನು ಏಳು ವರ್ಷ ಗಮನಿಸಿ ೨೦೦೭ರಲ್ಲಿ ಪ್ರಕಟಿಸಿದಾಗ, ಅಮಾಲ್ಗಮ್ಮಿನಲ್ಲಿ ನೂರಕ್ಕೆ ೯೪.೪ರಷ್ಟೂ ರಾಳದಲ್ಲಿ ೮೫.೫ರಷ್ಟೂ ಉಳಿದಿದ್ದುವು. ರಾಳದ ಸೋಲಿಗೆ ಮುಖ್ಯ ಕಾರಣ ಅಂಚಿನಲ್ಲಿ ಮತ್ತೆ ಹುಟ್ಟಿದ ಹುಳುಕು. ರಾಳವನ್ನು ಎಲ್ಲಕ್ಕೂ ಮದ್ದೆಂದು ಸಾರುವವರು ಈ ಅಂಕಿಯನ್ನು ಮರೆಯಬಾರದು.

ಅದೇ ರೀತಿ ರಾಳವನ್ನು ತಳ್ಳಿಹಾಕುವವರು ಮರೆಯಬಾರದ ಅಂಕಿಗಳೂ ಇವೆ. ೨೦೧೦ರಲ್ಲಿ ಆಪ್‌ಡಾಂ ಮತ್ತು ಸಂಗಡಿಗರು ನೆದರ್ಲೆಂಡಿನ ಒಂದು ಚಿಕಿತ್ಸಾಲಯದ ೧೨ ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ, ದವಡೆಯ ದೊಡ್ಡ ತುಂಬುಗೆಗಳನ್ನು ಹೋಲಿಸಿದರು. ಹುಳುಕಿನ ಭಯ ಕಡಮೆಯಿದ್ದ ರೋಗಿಗಳಲ್ಲಿ ರಾಳವೇ ಹೆಚ್ಚು ಕಾಲ ಬಾಳಿತು. ಹುಳುಕಿನ ಭಯ ಹೆಚ್ಚಿದ್ದವರಲ್ಲಿ, ಮೂರು ಮುಖಗಳ ತುಂಬುಗೆಗಳಲ್ಲಿ, ಅಮಾಲ್ಗಂ ಮೇಲಾಯಿತು. ಅದೇ ಆಪ್‌ಡಾಂ ಮೊದಲಾದವರು ಹಲವು ಅಧ್ಯಯನಗಳನ್ನು ಕೂಡಿಸಿ ೨೦೧೪ರಲ್ಲಿ ತೋರಿಸಿದಂತೆ, ಹಿಂಬದಿಯ ಹಲ್ಲಿನ ರಾಳದ ತುಂಬುಗೆಗಳಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ೨.೪ರಷ್ಟು ಮಾತ್ರ ಸೋಲುತ್ತವೆ. ಈ ಎರಡು ಬಗೆಯ ಅಂಕಿಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ರಾಳದ ಆಯುಷ್ಯವನ್ನು ನಿರ್ಣಯಿಸುವುದು ರಾಳವೊಂದೇ ಅಲ್ಲ. ಬಾಯಿಯ ಶುಚಿ, ಸಕ್ಕರೆಯ ಅಭ್ಯಾಸ, ವೈದ್ಯರ ಕೈ ಇವೂ ಸೇರಿವೆ ಎಂಬುದೇ ಅವುಗಳ ಸಮಾನವಾದ ಪಾಠ.

ನಮ್ಮ ಅಭಿಪ್ರಾಯ

ಹೀಗಿರಲು, ತೀರ ಹಾಳಾದ ದವಡೆಹಲ್ಲಿನಲ್ಲಿ ರಾಳಕ್ಕೆ ಯಾವ ಸ್ಥಾನ? ಕ್ಯಾಪಿನ ಪಕ್ಷವನ್ನು ಮೊದಲು ನೋಡೋಣ. ಕ್ಯಾಪ್ ಹಲ್ಲನ್ನು ಸುತ್ತುವರಿದು ಬುಟ್ಟಿಯ ಕಟ್ಟಿನಂತೆ ಹಿಡಿಯುತ್ತದೆ. ಅದರ ಬಲ ನಿಸ್ಸಂದೇಹ. ಆದರೆ ಅದನ್ನು ತೊಡಿಸಲು ಹಲ್ಲನ್ನು ಸುತ್ತಲೂ ಅರೆಯಬೇಕು. ೨೦೦೨ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್‌ಸೆನ್ ತೂಗಿ ನೋಡಿದಾಗ, ಪೂರ್ಣ ಕ್ಯಾಪಿಗಾಗಿ ಹಿಂಬದಿಯ ಹಲ್ಲಿನ ಕಿರೀಟಭಾಗದ ಮೂರರಲ್ಲಿ ಎರಡು ಪಾಲು, ಕೆಲವೊಮ್ಮೆ ಮುಕ್ಕಾಲು ಪಾಲು, ಹೋಗುತ್ತದೆಂದು ತಿಳಿದುಬಂದಿತು. ಐವತ್ತು ವರ್ಷದವರಿಗೆ ಇದು ಒಪ್ಪಬಹುದಾದ ತ್ಯಾಗ. ಹದಿನೈದು ವರ್ಷದವರಿಗೆ? ಎಳೆಯ ಹಲ್ಲಿನ ತಿರುಳು ವಿಶಾಲವಾಗಿರುವುದರಿಂದ ಅರೆಯುವಾಗ ಅದಕ್ಕೆ ಪೆಟ್ಟಾಗುವ ಭಯ ಹೆಚ್ಚು. ಮುಂದಿನ ಐವತ್ತು ಅರುವತ್ತು ವರ್ಷಗಳಲ್ಲಿ ಆ ಕ್ಯಾಪನ್ನು ಬದಲಿಸಬೇಕಾಗಿ ಬರುವುದೂ ಬಹುಮಟ್ಟಿಗೆ ನಿಶ್ಚಿತ. ಮರಳಿ ತರಲಾಗದುದನ್ನು ಕಡಿಯುವ ಕೆಲಸವನ್ನು ಸಾಧ್ಯವಾದಷ್ಟು ಮುಂದಕ್ಕೆ ಹಾಕುವುದೇ ವಿವೇಕ.

ಆದುದರಿಂದ, ತರುಣರ ಹಲ್ಲಿನಲ್ಲಿ ಸುತ್ತಣ ಎನಾಮೆಲಿನ ಅಂಚು ಬಹುಪಾಲು ಉಳಿದಿದ್ದು, ತೇವವನ್ನು ದೂರವಿಡಲು ಸಾಧ್ಯವಿದ್ದರೆ, ಎರಡು ಮೂರು ಮುಖಗಳು ಹೋಗಿದ್ದರೂ ರಾಳದಿಂದ ಕಟ್ಟುವುದನ್ನೇ ಮೊದಲು ಯೋಚಿಸತಕ್ಕದ್ದೆಂದು ನಾವು ಭಾವಿಸುತ್ತೇವೆ. ಆದರೆ ಒಂದು ನಿಯಮ ಇಲ್ಲಿ ಅತ್ಯಗತ್ಯ. ಗೋಡೆ ತೆಳುವಾಗಿ, ಬುಡದಲ್ಲಿ ಆಸರೆಯಿಲ್ಲದೆ ನಿಂತ ಶಿಖರವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ರಾಳವನ್ನು ತುಂಬಬಾರದು. ದವಡೆಯ ಕಚ್ಚುವ ಬಲ ೫೦೦ ನ್ಯೂಟನ್ನಿಗೂ ಮೀರಬಲ್ಲದು; ಎಂದರೆ, ಐವತ್ತು ಕಿಲೋಗ್ರಾಂ ತೂಕದ ಮೂಟೆಯನ್ನು ಆ ಗೋಡೆಯ ಮೇಲೆ ಹೇರಿದಂತೆ. ಅಂತಹ ಶಿಖರವನ್ನು ಒಂದೆರಡು ಮಿಲಿಮೀಟರ್ ತಗ್ಗಿಸಿ, ರಾಳವನ್ನೇ ಅದರ ಮೇಲೆ ಮುಸುಕಿನಂತೆ ಹೊದಿಸಿದರೆ, ಗೋಡೆಗಳು ಅಗಲದಂತೆ ಒಂದಾಗಿ ನಿಲ್ಲುತ್ತವೆ. ಕ್ಯಾಪಿನ ತತ್ತ್ವವನ್ನೇ, ಹಲ್ಲನ್ನು ಸುತ್ತ ಅರೆಯದೆ, ರಾಳದಿಂದ ಸಾಧಿಸುವುದೆಂದರೆ ಇದೇ.

ಇನ್ನೊಂದು ಅನುಕೂಲವನ್ನು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ರಾಳವು ಒಂದು ಮೂಲೆಯಲ್ಲಿ ಮುರಿದರೆ ಆ ಮೂಲೆಯನ್ನಷ್ಟೇ ಒರಟಾಗಿಸಿ ಹೊಸ ರಾಳವನ್ನು ಸೇರಿಸಬಹುದು. ಅದು ಸೋತಾಗಲೂ ಹಲ್ಲು ಉಳಿದಿರುತ್ತದೆ; ಮುಂದೆ ಕ್ಯಾಪ್ ತೊಡಿಸುವ ದಾರಿ ತೆರೆದೇ ಇರುತ್ತದೆ. ಚಿಕಿತ್ಸೆಯೊಂದನ್ನು ಅಳೆಯುವಾಗ ಅದು ಎಷ್ಟು ಕಾಲ ಬಾಳುತ್ತದೆ ಎಂಬುದರ ಜೊತೆಗೆ, ಸೋತ ಮೇಲೆ ಏನನ್ನು ಉಳಿಸುತ್ತದೆ ಎಂಬುದನ್ನೂ ಕೇಳಬೇಕು.

ಎಲ್ಲಿ ರಾಳವು ತಕ್ಕದ್ದಲ್ಲವೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮುರಿತವು ಒಸಡಿನ ಕೆಳಗೆ ಆಳಕ್ಕೆ ಹೋಗಿದ್ದರೆ, ತೇವವನ್ನು ತಡೆಯಲಾಗದಿದ್ದರೆ, ಬಾಯಲ್ಲಿ ಹುಳುಕು ಇನ್ನೂ ಹಬ್ಬುತ್ತಿದ್ದರೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಬಲವಾದ ಅಭ್ಯಾಸವಿದ್ದರೆ, ರಾಳದ ಕೆಲಸಕ್ಕೆ ಹೆಚ್ಚು ಕಾಲದ ಭರವಸೆ ಕೊಡಲಾಗದು. ಅಂತಹ ಕಡೆ ಗಾಜಿನ ಪುಡಿ ಮತ್ತು ಆಮ್ಲಗಳಿಂದಾಗುವ ಗ್ಲಾಸ್ ಅಯಾನೊಮರ್ ಸಿಮೆಂಟಿನಿಂದ ತಾತ್ಕಾಲಿಕವಾಗಿ ಮುಚ್ಚಿ, ಬಾಯಿಯ ಸ್ಥಿತಿಯನ್ನು ಸುಧಾರಿಸಿದ ಮೇಲೆ ಮುಂದುವರಿಯುವುದು ಲೇಸು. ಅಥವಾ ಕ್ಯಾಪೇ ಸರಿಯಾದ ದಾರಿಯಾದೀತು.

ಪಾದರಸ ಹೋದ ಮೇಲೆ

ಈಗ ಸಮಾಜದ ಹೊಣೆಯ ಮಾತು. ಪಾದರಸವನ್ನು ಬಿಡಬೇಕೆಂಬ ನಿರ್ಣಯವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಅಮಾಲ್ಗಂ ಎಂಬುದು ಬಡವರ ತುಂಬುಗೆಯಾಗಿತ್ತು. ನೂರು ರೋಗಿಗಳು ಕಾಯುತ್ತಿರುವ ಸರಕಾರಿ ಆಸ್ಪತ್ರೆಯ ಗಡಿಬಿಡಿಯನ್ನೂ ಅದು ತಾಳಿಕೊಳ್ಳುತ್ತಿತ್ತು. ಅದರ ಜಾಗದಲ್ಲಿ ಬರುವ ರಾಳವು ಗಡಿಬಿಡಿಯನ್ನು ತಾಳದು. ಅದಕ್ಕೆ ಹೆಚ್ಚು ಹೊತ್ತು ಬೇಕು, ರಬ್ಬರಿನ ಹಾಳೆ ಬೇಕು, ಬಲಗುಂದದ ನೀಲಿ ದೀಪ ಬೇಕು, ಪದರಪದರವಾಗಿ ಕಟ್ಟುವ ತಾಳ್ಮೆ ಬೇಕು. ಇವನ್ನು ಕೊಡದೆ ಅಮಾಲ್ಗಮ್ಮನ್ನು ಮಾತ್ರ ಕಸಿದುಕೊಂಡರೆ, ವೈದ್ಯರ ಮುಂದೆ ಉಳಿಯುವ ಅತ್ಯಂತ ಶೀಘ್ರವೂ ಅಗ್ಗವೂ ಆದ ಚಿಕಿತ್ಸೆ ಇಕ್ಕುಳವೇ. ಪರಿಸರವನ್ನು ಕಾಯುವ ಒಪ್ಪಂದದ ಬೆಲೆಯನ್ನು ಬಡಮಕ್ಕಳ ದವಡೆಹಲ್ಲು ತೆರುವಂತಾಗಬಾರದು.

ಕರ್ನಾಟಕ ಸರಕಾರವು ೨೦೧೦ರ ದಶಕದಲ್ಲಿ ಬಡ ವೃದ್ಧರಿಗೆ ಕಟ್ಟುಹಲ್ಲುಗಳನ್ನು ಕೊಡಿಸುವ 'ದಂತಭಾಗ್ಯ' ಯೋಜನೆಯನ್ನು ತಂದುದು ಶ್ಲಾಘ್ಯವಾದ ಕಾರ್ಯ. ಹಲ್ಲು ಹೋದ ಮೇಲೆ ಕೊಡುವ ಔದಾರ್ಯವನ್ನು ಹಲ್ಲು ಇರುವಾಗಲೇ ಉಳಿಸುವುದರಲ್ಲಿಯೂ ತೋರಬೇಕೆಂಬುದು ನಮ್ಮ ಬಿನ್ನಹ. ನೀಲಿ ದೀಪದ ಬಲವನ್ನು ಅಳೆಯುವ ಸಣ್ಣ ಮಾಪಕವೊಂದು ಪ್ರತಿಯೊಂದು ಚಿಕಿತ್ಸಾಲಯದಲ್ಲಿಯೂ ಇರಲಿ. ದೀಪವು ಕಣ್ಣಿಗೆ ಪ್ರಕಾಶಮಾನವಾಗಿ ಕಂಡರೂ ರಾಳದ ತಳವು ಹಸಿಯಾಗಿಯೇ ಉಳಿಯಬಹುದು. ಒಂದು ದಿನಕ್ಕೆ ಎಷ್ಟು ಹಲ್ಲು ತುಂಬಿದರು ಎಂದು ಎಣಿಸುವುದಕ್ಕಿಂತ, ತುಂಬಿದ ಹಲ್ಲುಗಳಲ್ಲಿ ಐದು ವರ್ಷಗಳ ಮೇಲೆ ಎಷ್ಟು ಉಳಿದುವು ಎಂದು ಎಣಿಸುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ನೆಲೆಗೊಳ್ಳಲಿ. ಆಗ ರಾಳದ ಬಗೆಗಿನ ವಾದವು ಮಾತಿನಿಂದಲ್ಲ, ಲೆಕ್ಕದಿಂದ ತೀರ್ಮಾನವಾಗುತ್ತದೆ.

ವಿದ್ಯಾರ್ಥಿಗಳಲ್ಲಿ ನಮ್ಮ ಮಾತು ಇನ್ನೂ ಸರಳ. ದವಡೆಹಲ್ಲು ಮುರಿದಾಗ 'ಕೀಳಿಸಿಬಿಡು' ಎಂಬ ಸಲಹೆಯನ್ನು ಕೇಳಿದೊಡನೆ ಒಪ್ಪಬೇಡಿರಿ. ಅದನ್ನು ಉಳಿಸಬಹುದೇ, ಎನಾಮೆಲಿನ ಅಂಚು ಎಷ್ಟು ಉಳಿದಿದೆ, ತೇವವನ್ನು ಹೇಗೆ ತಡೆಯುವಿರಿ, ದುರ್ಬಲವಾದ ಶಿಖರವನ್ನು ಹೊದಿಸುವಿರಾ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಒಳ್ಳೆಯ ವೈದ್ಯರು ಇಂತಹ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ರಾಳ ಹಾಕಿಸಿಕೊಂಡ ಮೇಲೆ ಕೆಲಸ ಮುಗಿಯಿತೆಂದು ತಿಳಿಯಬೇಡಿರಿ. ಅದರ ಅಂಚನ್ನು ಕಾಯುವವರು ನೀವೇ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಉಜ್ಜುವುದೂ, ಸಿಹಿಯನ್ನು ಊಟದೊಡನೆ ತಿಂದು ಮುಗಿಸಿ ದಿನವಿಡೀ ಚೀಪದಿರುವುದೂ ಯಾವ ರಾಳಕ್ಕಿಂತಲೂ ಅಗ್ಗವಾದ ಔಷಧ.

ಮನೆಯಲ್ಲಿ ಆರು ಏಳು ವರ್ಷದ ತಮ್ಮನೋ ತಂಗಿಯೋ ಇದ್ದರೆ ಅವರ ಬಾಯಿಯ ಹಿಂಬದಿಯನ್ನು ಒಮ್ಮೆ ಬೆಳಕಿನಲ್ಲಿ ನೋಡಿರಿ. ಆಗತಾನೆ ಮೂಡಿದ ದವಡೆಹಲ್ಲಿನ ಆಳವಾದ ಬಿರುಕುಗಳನ್ನು, ಬುನೊಕೋರನ ಆಮ್ಲದ ಉಪಾಯದಿಂದಲೇ, ತೆಳುವಾದ ರಾಳದ ಲೇಪದಿಂದ ಮುಚ್ಚಿ ಹುಳುಕನ್ನು ತಡೆಯಬಹುದು. ಅದಕ್ಕೆ ಕೊರೆಯುವುದು ಬೇಡ, ಸೂಜಿ ಬೇಡ; ಕೆಲವು ನಿಮಿಷಗಳು ಸಾಕು. ಮುರಿದ ಹಲ್ಲನ್ನು ಕಟ್ಟಬಲ್ಲ ರಾಳವು ಹಲ್ಲು ಮುರಿಯದಂತೆಯೂ ಮಾಡಬಲ್ಲದು. ಮೊದಲನೆಯದು ಅದರ ಚಮತ್ಕಾರವಾದರೆ ಎರಡನೆಯದು ಅದರ ನಿಜವಾದ ಉಪಕಾರ.